ಉತಾರದ ಕನ್ನಡ, ಕಾರ್ಡಿನ ಇಂಗ್ಲಿಷ್

ಕಂಪ್ಯೂಟರಿನಲ್ಲಿ ಯಾವ ಭಾಷೆ ಇರಬೇಕು ಎಂಬ ಪ್ರಶ್ನೆ ನಮ್ಮ ಕಡೆ ಮೊದಲು ಎದ್ದದ್ದು ಜಮೀನಿನ ಕಾಗದದ ಮೇಲೆ. ನಾನು ಹಳಿಯಾಳದ ತಹಶೀಲ್ದಾರ ಕಚೇರಿಯ ಹತ್ತಿರ ಟೈಪಿಂಗ್ ಮಾಡಿ ಬದುಕಿದವಳು. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್, ಜೊತೆಗೊಂದು ಝೆರಾಕ್ಸ್ ಮಷೀನು. ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆಯ ಜನ ಅರ್ಜಿ ಬರೆಸಲು ನನ್ನಲ್ಲಿಗೆ ಬರುತ್ತಾರೆ. ಮುಂಡಗೋಡ ನನ್ನ ತವರು. ಈ ನಾಲ್ಕು ತಾಲೂಕುಗಳಿಗೆ ಸರ್ಕಾರದ ಕಂಪ್ಯೂಟರ್ ಜಾಲ ಬಂದದ್ದನ್ನು, ಅದರೊಳಗೆ ಕನ್ನಡ ಕೂತದ್ದನ್ನು, ಆಮೇಲೆ ಇಂಗ್ಲಿಷ್ ಅದರ ಪಕ್ಕಕ್ಕೆ ಬಂದದ್ದನ್ನು ಕೌಂಟರಿನ ಈಚೆ ನಿಂತು ನೋಡಿದ್ದೇನೆ. ಎರಡು ಭಾಷೆಯ ನೀತಿ ಎಂದರೆ ಆದೇಶದ ಕಾಗದ ಎಂದು ತಿಳಿದವರು ಬಹಳ. ಅದು ಒಬ್ಬ ಮನುಷ್ಯನ ಹೆಸರಿನ ಪ್ರಶ್ನೆ, ಅವನ ಹೊಲದ ಪ್ರಶ್ನೆ. ಹಾಗಾಗಿ ಈ ಚರಿತ್ರೆಯನ್ನು ಬರೆದಿಡಬೇಕು ಅನ್ನಿಸಿತು.

ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರದ ಭಾಗ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣದ ಭಾಗ ಮದ್ರಾಸಿನಲ್ಲೇ ಉಳಿಯಿತು. ಮುಂಬಯಿಯ ಜೊತೆಗೆ ಮುಂಬಯಿಯ ಕಂದಾಯ ಪದ್ಧತಿಯೂ ನಮ್ಮಲ್ಲಿಗೆ ಬಂತು. ಊರ ಲೆಕ್ಕ ಬರೆಯುವವನು ತಲಾಟಿ, ತಾಲೂಕಿನ ದೊಡ್ಡವನು ಮಾಮಲೇದಾರ, ಜಮೀನಿನ ಕಾಗದ ಉತಾರ. ಪಹಣಿ ಎಂದರೆ ಇಂದಿಗೂ ಕೆಲವು ಹಿರಿಯರು ಒಂದು ಗಳಿಗೆ ನಿಂತು, ‘ಉತಾರ ಅನ್ರಿ’ ಎಂದು ತಿದ್ದುತ್ತಾರೆ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕಾರವಾರ, ಹಳಿಯಾಳ, ಸೂಪಾ ತನಗೆ ಬೇಕೆಂದು ಮಹಾರಾಷ್ಟ್ರ ಪಟ್ಟು ಹಿಡಿಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಾಗ ಆ ಬೇಡಿಕೆಯನ್ನು ಒಪ್ಪಲಿಲ್ಲ. ಗಡಿಯ ಮಾತು ಅಲ್ಲಿಗೂ ಮುಗಿಯಲಿಲ್ಲ, ಮನೆಯ ಮಾತಂತೂ ಮುಗಿಯುವಂಥದ್ದಲ್ಲ. ಜೋಯಿಡಾದ ಕುಣಬಿ ಮನೆಗಳಲ್ಲಿ ಕೊಂಕಣಿ, ಗೌಳಿಗರ ದಡ್ಡಿಗಳಲ್ಲಿ ಮರಾಠಿಯ ಒಂದು ಬಗೆ, ಹಳಿಯಾಳದ ಪೇಟೆಯಲ್ಲಿ ಮರಾಠಿ, ಉರ್ದು, ಧಾರವಾಡದ ಕಡೆಯ ಕನ್ನಡ, ಸಿದ್ದಿಗಳ ಹಾಡಿಗಳಲ್ಲಿ ಅವರದೇ ಕೊಂಕಣಿ. 1955ರಲ್ಲಿ ಶುರುವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಹತ್ತು ದಿಕ್ಕಿನ ಕೆಲಸಗಾರರನ್ನು ದಾಂಡೇಲಿಗೆ ಕರೆತಂದಿತು. 1966ರಲ್ಲಿ ಮುಂಡಗೋಡದಲ್ಲಿ ಟಿಬೆಟಿಯನ್ ಕಾಲನಿ ಆಯಿತು. 1980ರ ದಶಕದಲ್ಲಿ ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಊರು ನೀರಿನ ಕೆಳಗಾಯಿತು; ಎಬ್ಬಿಸಿದ ಜನರಲ್ಲಿ ಬಹಳ ಮಂದಿ ರಾಮನಗರಕ್ಕೆ ಬಂದು ನೆಲೆಸಿದರು, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು.

ಇಷ್ಟು ಮಾತುಗಳ ನಡುವೆ ಕಚೇರಿಯ ಕಾಗದ ಮಾತ್ರ ಕನ್ನಡದ್ದು. ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಆದರೆ ಮೇಲಿನ ಕಚೇರಿಗೆ ಹೋಗುವ ಪತ್ರಗಳು ಬಹುಕಾಲ ಇಂಗ್ಲಿಷಿನಲ್ಲೇ ಹೋಗುತ್ತಿದ್ದವು. 1980ರ ದಶಕದಲ್ಲಿ ಗೋಕಾಕ್ ಚಳವಳಿ, ಆಮೇಲೆ ಪಾಟೀಲ ಪುಟ್ಟಪ್ಪನವರ ಕನ್ನಡ ಕಾವಲು ಸಮಿತಿ, ಇವುಗಳ ಒತ್ತಡದಲ್ಲಿ ಕಚೇರಿಗಳಿಗೆ ಕನ್ನಡ ಟೈಪ್‌ರೈಟರುಗಳು ಬಂದವು. ನಾನು ಕನ್ನಡ ಟೈಪಿಂಗಿನ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದ್ದು ಆ ಗಾಳಿಯಲ್ಲೇ. ಕನ್ನಡದ ಟೈಪ್‌ರೈಟರಿಗೆ ಬಲ ಬೇಕು. ಒತ್ತಕ್ಷರ ಬಂದಾಗಲೆಲ್ಲ ಬೆರಳು ಬೇರೆ ಕೀಲಿಗೆ ಹೋಗಬೇಕು. ಅಕ್ಷರದ ಕೆಳಗೆ ಸರಿಯಾಗಿ ಕೂರದಿದ್ದರೆ ಹಾಳೆಯೇ ಹೋಯಿತು. ಮೂರು ಕಾರ್ಬನ್ ಪ್ರತಿ ಬೇಕೆಂದರೆ ಕೈಯ ಗಂಟು ನೋಯುತ್ತಿತ್ತು. ಆದರೂ ಕನ್ನಡದಲ್ಲಿ ಟೈಪಾದ ತಕರಾರು ಅರ್ಜಿಯನ್ನು ಅಂಗಡಿಯ ಮೆಟ್ಟಿಲ ಮೇಲೆ ಓದಿಸಿ ಕೇಳಿಸಿಕೊಳ್ಳುವ ಜನರ ಮುಖದಲ್ಲಿ ಒಂದು ಧೈರ್ಯ ಇರುತ್ತಿತ್ತು. ಅಲ್ಲಿ ಏನು ಬರೆದಿದೆ ಎಂದು ಅವರಿಗೆ ಗೊತ್ತಿರುತ್ತಿತ್ತು.

ಕಂಪ್ಯೂಟರ್ ಬಂದಾಗ ಆ ಧೈರ್ಯ ಹೋಗುತ್ತದೆಂಬ ಹೆದರಿಕೆ ನಮಗೆಲ್ಲ ಇತ್ತು. ಯಂತ್ರದೊಳಗೆ ಕನ್ನಡ ತಾನಾಗಿ ಬರುವುದಿಲ್ಲ. ಯಾರೋ ಕೂತು ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಗೊತ್ತುಮಾಡಬೇಕು. ಆ ಕೆಲಸ ನಮ್ಮ ದೇಶದಲ್ಲಿ ಮೊದಲು ಆದದ್ದು ಬಹಳ ಚೆಂದದ ರೀತಿಯಲ್ಲಿ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ, 1991ರಲ್ಲಿ ರಾಷ್ಟ್ರೀಯ ಮಾನಕವಾದ ಇಸ್ಕಿ ಸಂಕೇತ, ಇವೆರಡರ ಹಿಂದೆ ಇದ್ದದ್ದು ಒಂದೇ ಆಲೋಚನೆ. ಬ್ರಾಹ್ಮಿಯಿಂದ ಇಳಿದು ಬಂದ ನಮ್ಮ ಲಿಪಿಗಳಿಗೆಲ್ಲ ಕ, ಖ, ಗ, ಘದ ವರ್ಣಮಾಲೆ ಸಮಾನ. ಹಾಗಾಗಿ ಎಲ್ಲ ಲಿಪಿಯ ‘ಕ’ಕ್ಕೂ ಒಂದೇ ಸಂಖ್ಯೆ. ಕನ್ನಡದಲ್ಲಿ ಟೈಪ್ ಮಾಡಿದ ಒಂದು ಹೆಸರನ್ನು, ಲಿಪಿ ಬದಲಿಸಿದರೆ, ಅದೇ ಪರದೆಯ ಮೇಲೆ ದೇವನಾಗರಿಯಲ್ಲಿ ತೋರಿಸಬಹುದಿತ್ತು. ಕೊಂಕಣಿಯನ್ನು ಕನ್ನಡ ಲಿಪಿಯಲ್ಲೂ ದೇವನಾಗರಿಯಲ್ಲೂ ಬರೆಯುವ ನಮ್ಮಂಥ ಜಿಲ್ಲೆಗೆ ಇದಕ್ಕಿಂತ ಹೊಂದುವ ಏರ್ಪಾಡು ಇನ್ನೊಂದಿರಲಿಲ್ಲ. ಜೋಯಿಡಾದ ಒಬ್ಬ ರೈತನ ಹೆಸರನ್ನು ಬೆಂಗಳೂರಿನವರು ಕನ್ನಡದಲ್ಲಿ, ಗೋವೆಯಲ್ಲಿರುವ ಅವನ ನೆಂಟರು ದೇವನಾಗರಿಯಲ್ಲಿ, ಒಂದು ಅಕ್ಷರವೂ ಕೆಡದಂತೆ ಓದಬಹುದಿತ್ತು.

ನಮ್ಮ ಅಂಗಡಿಗಳಿಗೆ ಬಂದ ಕನ್ನಡ ಬೇರೆ ದಾರಿಯದು. ಕೆ. ಪಿ. ರಾವ್ ಅವರು ‘ಸೇಡಿಯಾಪು’ ಎಂಬ ತಂತ್ರಾಂಶ ಮಾಡಿದ್ದರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರು ಅದಕ್ಕೆ. ಅವರು ರೂಪಿಸಿದ ಕೀಲಿಮಣೆಯಲ್ಲಿ ಇಂಗ್ಲಿಷಿನ ‘ಕೆ’ ಒತ್ತಿದರೆ ‘ಕ’, ಶಿಫ್ಟ್ ಹಿಡಿದು ಒತ್ತಿದರೆ ‘ಖ’. ಟೈಪ್‌ರೈಟರಿನಲ್ಲಿ ಪಳಗಿದ ನನ್ನ ಬೆರಳಿಗೂ ಅದು ಬೇಗ ಒಗ್ಗಿತು. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು ಬಿಟ್ಟರು. ಅದಾದ ಸ್ವಲ್ಪ ವರ್ಷಕ್ಕೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಕೆ. ಪಿ. ರಾವ್ ಅವರ ವಿನ್ಯಾಸವನ್ನೇ ಅಷ್ಟಿಷ್ಟು ತಿದ್ದಿ ಸರ್ಕಾರ ಒಪ್ಪಿದ ಕೀಲಿಮಣೆ ಅದರಲ್ಲಿತ್ತು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಲೇಖನ ಬರೆದು, ಭಾಷಣ ಮಾಡಿ ಸರ್ಕಾರವನ್ನು ಎಚ್ಚರಿಸುತ್ತಿದ್ದ ಕಾಲವೂ ಅದೇ. ಈ ತಂತ್ರಾಂಶಗಳ ದೊಡ್ಡ ತೊಡಕೆಂದರೆ ಅಕ್ಷರ ಫಾಂಟಿನೊಳಗೇ ಸಿಕ್ಕಿಹಾಕಿಕೊಂಡಿರುತ್ತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಜಿಯೆಲ್ಲ ಅರ್ಥವಿಲ್ಲದ ಗುರುತುಗಳ ರಾಶಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಯೂನಿಕೋಡ್ ಕನ್ನಡವನ್ನೂ ‘ತುಂಗಾ’ ಅಕ್ಷರಗಳನ್ನೂ ತಂದ ಮೇಲೂ ಕಚೇರಿಗಳು ಯೂನಿಕೋಡಿಗೆ ಬರಲು ಬಹಳ ವರ್ಷ ಹಿಡಿಯಿತು.

ಇದರ ನಡುವೆಯೇ ಪಹಣಿಗಳನ್ನು ಕಂಪ್ಯೂಟರಿಗೆ ಹಾಕುವ ಭೂಮಿ ಯೋಜನೆ ಬಂತು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲು ಪರೀಕ್ಷಿಸಿ, 2000ದಿಂದ ಎರಡೇ ವರ್ಷದಲ್ಲಿ ರಾಜ್ಯದ ಎಲ್ಲ ತಾಲೂಕುಗಳಿಗೆ ಹಬ್ಬಿಸಿದರು. ಅದರ ಹೊಣೆ ಹೊತ್ತವರು ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿ. ಸುಮಾರು 67 ಲಕ್ಷ ರೈತರ, ಹತ್ತಿರ ಹತ್ತಿರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆಗ ಒಂದು ಪಹಣಿಗೆ 15 ರೂಪಾಯಿ ಶುಲ್ಕ ಇತ್ತು. ಒಂದು ತಾಲೂಕಿನಲ್ಲಿ ಕಂಪ್ಯೂಟರ್ ಪಹಣಿ ಶುರುವಾಯಿತೆಂದರೆ ಅಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ. ಇಷ್ಟು ದೊಡ್ಡ ಕೆಲಸ ಇಂಗ್ಲಿಷಿನಲ್ಲಿ ಆಗಿದ್ದರೆ ಕಂಪ್ಯೂಟರಿನವರಿಗೆ ಸುಲಭವಾಗುತ್ತಿತ್ತು. ಅದು ಕನ್ನಡದಲ್ಲಿ ಆಯಿತು. ನಮ್ಮ ಜಾಲದ ಭಾಷಾ ನೀತಿಯಲ್ಲಿ ಅತಿ ದೊಡ್ಡ ತೀರ್ಮಾನ ಇದೇ ಎಂದು ನಾನು ನಂಬಿದ್ದೇನೆ.

ಆ ಡಾಟಾ ಎಂಟ್ರಿಯಲ್ಲಿ ನಾನೂ ಕೂತವಳು. ಕನ್ನಡ ಟೈಪಿಂಗ್ ಬಲ್ಲವರು ಬೇಕಾಗಿತ್ತು, ನಮ್ಮನ್ನು ಕರೆದರು. ಎದುರಿಗೆ ಕೈಬರಹದ ಪಹಣಿ ಪುಸ್ತಕ. ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ, ಆಣೆ, ಖರಾಬು, ಆಕಾರ. ಒಂಬತ್ತನೇ ಕಾಲಮ್ಮಿನಲ್ಲಿ ಕಬ್ಜೆದಾರನ ಹೆಸರು, ಹನ್ನೊಂದರಲ್ಲಿ ಸಾಲ ಮತ್ತು ಇತರ ಹಕ್ಕು, ಹನ್ನೆರಡರಲ್ಲಿ ಸಾಗುವಳಿ. ಅಂಕಿಗಳು ಬೇಗ ಸಾಗುತ್ತವೆ. ಕೈ ನಿಲ್ಲುವುದು ಒಂಬತ್ತನೇ ಕಾಲಮ್ಮಿನಲ್ಲಿ. ಒಬ್ಬ ತಲಾಟಿ ‘ಗಾಂವಕರ’ ಎಂದು ಬರೆದರೆ ಮುಂದಿನವರು ‘ಗಾವಕರ’, ಇನ್ನೊಬ್ಬರು ‘ಗಾಂವ್ಕಾರ’. ಕ್ರಿಶ್ಚಿಯನ್ ಸಿದ್ದಿಗಳ ಹೆಸರುಗಳಲ್ಲಿ ಪೋರ್ಚುಗೀಸರ ಕಾಲದ ಉಚ್ಚಾರ. ‘ಬಸ್ತ್ಯಾಂವ’ ಎಂಬ ಹೆಸರನ್ನು ಘಟ್ಟದ ಆಚೆಯಿಂದ ಬದಲಿಯಾಗಿ ಬಂದ ತಲಾಟಿ ತನ್ನ ಕಿವಿಗೆ ಬಿದ್ದಂತೆ ಬರೆದಿರುತ್ತಿದ್ದರು. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೊಡೆಯಬೇಕು ಎಂಬುದು ನಮಗಿದ್ದ ಸೂಚನೆ. ಹೊಡೆದದ್ದರ ಪ್ರಿಂಟ್ ತಲಾಟಿಗಳಿಗೆ ಹೋಗಿ, ಅವರು ಮೂಲದ ಜೊತೆ ತಾಳೆ ನೋಡಿ, ಕೆಂಪು ಶಾಯಿಯಲ್ಲಿ ತಿದ್ದಿ, ಸಹಿ ಹಾಕಿ ಕಳಿಸಬೇಕು. ಕನ್ನಡದಲ್ಲಿ ಇದ್ದದ್ದರಿಂದಲೇ ಆ ತಾಳೆ ನೋಡುವ ಕೆಲಸ ಸಾಧ್ಯವಾಯಿತು. ಇಂಗ್ಲಿಷಿನಲ್ಲಿ ಹೊಡೆದಿದ್ದರೆ ಎಷ್ಟು ಹಿಸ್ಸಾಗಳು ಯಾರ ಹೆಸರಿಗೆ ಹೋಗುತ್ತಿದ್ದವೋ!

ಭೂಮಿ ಕೇಂದ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಎರಡನೇ ಪರದೆ. ಕಂಪ್ಯೂಟರಿನ ಮುಂದೆ ಕೂತವರು ಬೆರಳಿನ ಗುರುತು ಕೊಟ್ಟೇ ಕೆಲಸ ಶುರು ಮಾಡಬೇಕು. ಅವರು ಏನು ತೆರೆದರೋ ಅದು ಕಿಟಕಿಯ ಹೊರಗಿನ ರೈತನ ಕಡೆ ತಿರುಗಿಸಿಟ್ಟ ಇನ್ನೊಂದು ಪರದೆಯಲ್ಲೂ ಕಾಣಬೇಕು. ಸರದಿಯಲ್ಲಿ ನಿಂತಿದ್ದ ಒಬ್ಬ ಹಿರಿಯರು ಆ ಪರದೆಗೆ ಕಣ್ಣು ಹತ್ತಿರ ಒಯ್ದು ಅಕ್ಷರ ಕೂಡಿಸಿ ಓದಿ, ನನ್ನ ಕಡೆ ತಿರುಗಿ, ‘ತಂಗೀ, ನನ್ನ ಹೆಸರು ಬಂದೈತಿ, ಅಪ್ಪನ ಹೆಸರು ತಪ್ಪೈತಿ ನೋಡವಾ’ ಎಂದರು. ತಲೆಮಾರುಗಳಿಂದ ತಲಾಟಿಯ ಕಪಾಟಿನಲ್ಲಿದ್ದ ದಾಖಲೆಯನ್ನು ಅದರ ಒಡೆಯ ತಾನೇ ಓದಿ, ತಪ್ಪು ಹುಡುಕಿ ತೋರಿಸಿದ. ಆ ಪರದೆ ಮತ್ತು ಅದರ ಮೇಲಿನ ಕನ್ನಡ, ಎರಡೂ ಇದ್ದದ್ದಕ್ಕೆ ಅದು ಆಯಿತು. ಒಂದೇ ಇದ್ದಿದ್ದರೆ ಆಗುತ್ತಿರಲಿಲ್ಲ.

ಈ ಮಾತು ಎಲ್ಲರಿಗೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಕುಣಬಿಗಳು, ಗೌಳಿಗರು, ಸಿದ್ದಿಗಳಲ್ಲಿ ಎಷ್ಟೋ ಮಂದಿ ತಲೆಮಾರುಗಳಿಂದ ಉಳುವ ನೆಲ ಅರಣ್ಯದ ಲೆಕ್ಕದಲ್ಲಿದೆ. ಅವರ ಹೆಸರಿಗೆ ಪಹಣಿಯೇ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳನ್ನು ಬರೆಯುವಾಗ ಅವರು ಮನೆಯ ಪೆಟ್ಟಿಗೆಯಿಂದ ದಂಡ ಕಟ್ಟಿದ ಹಳೆಯ ರಸೀದಿ, ಅಜ್ಜನ ಕಾಲದ ಮರಾಠಿ ಕಾಗದ ತಂದು ನನ್ನ ಮೇಜಿನ ಮೇಲೆ ಹರಡುತ್ತಿದ್ದರು. ದಾಖಲೆ ಇಲ್ಲದವನಿಗೆ ಅದರ ಭಾಷೆ ಯಾವುದಾದರೇನು? ಮೊದಲು ದಾಖಲೆ ಬೇಕು, ಆಮೇಲೆ ಅದು ಅವನಿಗೆ ತಿಳಿಯುವ ಭಾಷೆಯಲ್ಲಿರಬೇಕು.

ಭೂಮಿ ತಾಲೂಕು ಕಚೇರಿಯ ಮಟ್ಟಕ್ಕೆ ನಿಂತಿತ್ತು. 2006ರ ಹೊತ್ತಿಗೆ ಹೋಬಳಿ ಮಟ್ಟದಲ್ಲಿ ಸುಮಾರು 800 ನೆಮ್ಮದಿ ಕೇಂದ್ರಗಳು ರಾಜ್ಯದಾದ್ಯಂತ ತೆರೆದವು. 2012ರಲ್ಲಿ ಅವುಗಳ ಕೆಲಸ ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಿಗೆ ಬಂತು. ಅದೇ ವರ್ಷದ ಏಪ್ರಿಲಿನಲ್ಲಿ, ಗೊತ್ತಾದ ದಿನದೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಜಾರಿಯಾಯಿತು. ಈಗ ಗ್ರಾಮ ಪಂಚಾಯತಿಯ ಬಾಪೂಜಿ ಸೇವಾ ಕೇಂದ್ರ, ಗ್ರಾಮ ಒನ್ ಎಲ್ಲವೂ ಇವೆ. ಜಾತಿ, ಆದಾಯದ ಪ್ರಮಾಣಪತ್ರ ಕನ್ನಡದಲ್ಲೂ ಸಿಗುತ್ತದೆ, ಇಂಗ್ಲಿಷಿನಲ್ಲೂ ಸಿಗುತ್ತದೆ. ನಮ್ಮ ಕಡೆಯ ಮಟ್ಟಿಗೆ ಇದು ಬಹಳ ಮುಖ್ಯದ ಮಾತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ ಮೇಲೆ ಅವರ ಮಕ್ಕಳು ಹಾಸ್ಟೆಲಿಗೆ, ಕಾಲೇಜಿಗೆ, ಕ್ರೀಡಾ ತರಬೇತಿಗೆ, ಸೈನ್ಯದ ಭರ್ತಿಗೆ ಹೊರಟರು. ಊರಿನ ಶಾಲೆಗೆ ಕನ್ನಡದ ಪತ್ರ ಸಾಕು. ರಾಜ್ಯ ದಾಟಿದ ಕೂಡಲೇ ಇಂಗ್ಲಿಷಿನದು ಬೇಕು. ಜೋಯಿಡಾದ ಹುಡುಗರು ಕೆಲಸಕ್ಕೆ ಹೋಗುವುದು ಗೋವೆಗೆ. ಅಲ್ಲಿನ ಗುತ್ತಿಗೆದಾರನಿಗೆ ಕನ್ನಡ ಬಾರದು. ಇಂಗ್ಲಿಷ್ ಬೇಡ ಎನ್ನುವವರು ಈ ಮಕ್ಕಳನ್ನು ನೋಡಬೇಕು. ಅವರಿಗೆ ಎರಡೂ ಬೇಕು, ಎರಡೂ ಸರಿಯಾಗಿರಬೇಕು.

ಸರಿಯಾಗಿರದಿದ್ದರೆ ಏನಾಗುತ್ತದೆ ಎಂದು ಗೊತ್ತಾದದ್ದು ಗುರುತಿನ ಸಂಖ್ಯೆಗಳ ಕಾಲದಲ್ಲಿ. ಆಧಾರ್ ಕಾರ್ಡ್ ಎರಡು ಭಾಷೆಯದು; ಇಂಗ್ಲಿಷಿನಲ್ಲಿ ಒಂದು ಹೆಸರು, ಅದರ ಜೊತೆಗೆ ಕನ್ನಡದಲ್ಲಿ ಒಂದು. ನೋಂದಣಿಯ ಸಾಲಿನಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಹೊಡೆದರೆ ಯಂತ್ರವೇ ಕನ್ನಡದ ಹೆಸರನ್ನು ಕೊಡುತ್ತದೆ. ಕೂತವರು ನೋಡಿ ತಿದ್ದಬೇಕು. ಹೊರಗೆ ನೂರು ಜನ ನಿಂತಿರುವಾಗ ತಿದ್ದುವ ಪುರುಸೊತ್ತು ಎಲ್ಲಿ? ಇಂಗ್ಲಿಷಿನ ಅಕ್ಷರಗಳಿಗೆ ಲಕಾರ ಳಕಾರದ ಭೇದ ಇಲ್ಲ, ಹ್ರಸ್ವ ದೀರ್ಘದ ಭೇದ ಇಲ್ಲ, ತಕಾರ ಟಕಾರದ ಭೇದ ಇಲ್ಲ. ಕುಣಬಿಗಳಲ್ಲಿ ‘ವೇಳಿಪ’ ಎಂಬ ಅಡ್ಡಹೆಸರಿದೆ. ಇಂಗ್ಲಿಷಿಗೆ ಹೋಗುವಾಗ ಅದು ‘ವಿ’ಯಿಂದಲೂ ಹೋಗಬಹುದು, ‘ಡಬ್ಲ್ಯು’ವಿನಿಂದಲೂ ಹೋಗಬಹುದು, ತಿರುಗಿ ಕನ್ನಡಕ್ಕೆ ಬರುವಾಗ ‘ವೆಲಿಪ್’ ಆಗಿ ಬರುತ್ತದೆ. ಹಳಿಯಾಳ ‘ಹಲಿಯಲ್’ ಆದ ಕಾರ್ಡನ್ನು ನಾನೇ ಎಷ್ಟೋ ಸಲ ಝೆರಾಕ್ಸ್ ಮಾಡಿದ್ದೇನೆ.

2019ರ ಫೆಬ್ರವರಿಯಲ್ಲಿ ಪಿಎಂ ಕಿಸಾನ್ ಬಂತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ ಬ್ಯಾಂಕಿಗೆ. ಕರ್ನಾಟಕದಲ್ಲಿ ರೈತರನ್ನು ನೋಂದಾಯಿಸಲು ‘ಫ್ರೂಟ್ಸ್’ ಎಂಬ ಏರ್ಪಾಡು ಇದೆ. ಅದರಲ್ಲಿ ಪಹಣಿಯ ಹೆಸರೂ ಆಧಾರಿನ ಹೆಸರೂ ಹೊಂದುತ್ತವೆಯೇ ಎಂದು ತಾಳೆ ನೋಡುತ್ತಾರೆ. ಪಹಣಿ ಕನ್ನಡದ್ದು, ಬ್ಯಾಂಕಿನ ಪಾಸ್‌ಬುಕ್ ಇಂಗ್ಲಿಷಿನದು, ನಡುವೆ ಎರಡು ಭಾಷೆಯ ಕಾರ್ಡು. ಮೂರು ಕಾಗದ, ಮೂರು ಹೆಸರು, ಒಬ್ಬನೇ ರೈತ. ಅಂಥವರಿಗೆ ಸ್ಟ್ಯಾಂಪ್ ಪೇಪರಿನ ಮೇಲೆ ಅಫಿಡವಿಟ್ ಹೊಡೆದುಕೊಡುವುದು ನಮ್ಮ ಅಂಗಡಿಯ ದಿನದ ಕೆಲಸವಾಯಿತು: ಮೇಲ್ಕಾಣಿಸಿದ ಎಲ್ಲ ಹೆಸರುಗಳ ವ್ಯಕ್ತಿ ನಾನೊಬ್ಬನೇ ಇರುತ್ತೇನೆ. ಆ ವಾಕ್ಯಕ್ಕೆ ಸಹಿ ಹಾಕಲು ಕಾಡಿನ ಊರಿನಿಂದ ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಚಾರ್ಜು, ನೋಟರಿಯ ಶುಲ್ಕ ಕೊಟ್ಟು ಬಂದವರ ಹತ್ತಿರ ಟೈಪಿಂಗಿನ ದುಡ್ಡು ತೆಗೆದುಕೊಳ್ಳುವಾಗ ನನಗೆ ಸಂಕಟವಾಗುತ್ತಿತ್ತು. ತನ್ನ ಹೆಸರು ತನ್ನದೇ ಎಂದು ರೈತ ಏಕೆ ಪ್ರಮಾಣ ಮಾಡಬೇಕು?

ಮುಂಡಗೋಡದ ಟಿಬೆಟಿಯನ್ ಕಾಲನಿಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖ ಇದೆ. ಡ್ರೆಪುಂಗ್, ಗಂದೆನ್ ಮಠಗಳ ಭಿಕ್ಷುಗಳು ಪೇಟೆಗೆ ಬಂದರೆ ಕನ್ನಡದಲ್ಲೇ ಚೌಕಾಶಿ ಮಾಡುತ್ತಾರೆ. ಅವರ ನೋಂದಣಿ ಪತ್ರ ಇಂಗ್ಲಿಷಿನದು. ಓದು, ಪೂಜೆ, ಚರ್ಚೆ ಟಿಬೆಟಿಯನ್ನಿನಲ್ಲಿ. ಯಂತ್ರದೊಳಗೆ ಅವರ ಲಿಪಿ ಬಂದದ್ದು ನಮ್ಮದಕ್ಕಿಂತ ತಡವಾಗಿ. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಟಿಬೆಟಿಯನ್ ಅದರಲ್ಲಿ ನಿಂತದ್ದು 1996ರಲ್ಲಿ, ವಿಂಡೋಸಿನಲ್ಲಿ ಸರಿಯಾಗಿ ಕಂಡದ್ದು 2007ರ ವಿಸ್ಟಾದಲ್ಲಿ. ಅದಕ್ಕೂ ಮೊದಲೇ, 1980ರ ದಶಕದ ಕೊನೆಯಿಂದ, ಬೈಲಕುಪ್ಪೆಯ ಸೆರಾ ಮೇ ಮಠದಲ್ಲಿ ಟಿಬೆಟಿಯನ್ನರು ತಮ್ಮ ಗ್ರಂಥಗಳನ್ನು ರೋಮನ್ ಅಕ್ಷರದಲ್ಲಿ ಕಂಪ್ಯೂಟರಿಗೆ ಹೊಡೆಯುತ್ತಿದ್ದರು. ಆ ರೋಮನ್ ಬರಹಕ್ಕೆ ಅವರು ಬಿಗಿಯಾದ ನಿಯಮ ಇಟ್ಟುಕೊಂಡಿದ್ದರು. ಟಿಬೆಟಿಯನ್ನಿನ ಪ್ರತಿ ಅಕ್ಷರಕ್ಕೂ ಗೊತ್ತಾದ ಒಂದು ರೋಮನ್ ರೂಪ. ಅದರಿಂದಲೇ ಮುಂದೆ ಆ ಗ್ರಂಥಗಳನ್ನು ತಮ್ಮ ಲಿಪಿಗೆ ತರಲು ಆಯಿತು. ನಾವು ರೈತನ ಹೆಸರಿಗೆ ಮಾಡದ ಕೆಲಸವನ್ನು ಅವರು ತಮ್ಮ ಶಾಸ್ತ್ರಗಳಿಗೆ ಮಾಡಿಟ್ಟರು.

ಈ ಚರಿತ್ರೆಯಿಂದ ನನಗೆ ತಿಳಿದದ್ದನ್ನು ನೇರವಾಗಿ ಹೇಳುತ್ತೇನೆ. ಜನರ ಜಾಲಕ್ಕೆ ಎರಡು ಭಾಷೆ ಇರಬೇಕು, ಆದರೆ ಒಂದು ಇನ್ನೊಂದರ ನೆರಳಾಗಿರಬಾರದು. ಕನ್ನಡದ ಹೆಸರನ್ನೂ ಇಂಗ್ಲಿಷಿನ ಹೆಸರನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಬೇಕು. ಯಂತ್ರ ಕೊಟ್ಟದ್ದು ಸೂಚನೆ ಮಾತ್ರ. ಕೊನೆಯ ಮಾತು ಹೆಸರಿನ ಒಡೆಯನದು. ಭೂಮಿ ಕೇಂದ್ರದಲ್ಲಿದ್ದ ಎರಡನೇ ಪರದೆ ಪ್ರತಿ ಸೇವಾ ಕೇಂದ್ರದಲ್ಲೂ ಇರಬೇಕು. ಓದಲು ಬಾರದವರಿಗೆ ಪ್ರಿಂಟ್ ಒತ್ತುವ ಮೊದಲು ಓದಿ ಹೇಳಬೇಕು, ಅದನ್ನು ಕೊಂಕಣಿಯಲ್ಲೋ ಮರಾಠಿಯಲ್ಲೋ ಉರ್ದುವಿನಲ್ಲೋ ಹೇಳಬಲ್ಲ ಊರಿನ ಹುಡುಗ ಹುಡುಗಿಯರನ್ನೇ ಅಲ್ಲಿ ಕೂರಿಸಬೇಕು. ಒಂದು ಪ್ರದೇಶದಲ್ಲಿ ನೂರಕ್ಕೆ 15ರಿಂದ 20ರಷ್ಟು ಜನ ಬೇರೆ ಮಾತಿನವರಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರಬೇಕೆಂದು 1956ರ ಕೇಂದ್ರದ ಸೂಚನೆಯೇ ಹೇಳಿದೆ. ನೋಟಿಸ್ ಬೋರ್ಡಿಗೆ ಹೇಳಿದ ಮಾತು ಕಂಪ್ಯೂಟರಿನ ಪರದೆಗೂ ಸಲ್ಲಬೇಕು. ಕಾಗುಣಿತದ ವ್ಯತ್ಯಾಸವನ್ನು ತಿದ್ದಲು ಅಫಿಡವಿಟ್ ಕೇಳುವುದು ನಿಲ್ಲಬೇಕು. ಆ ಮನುಷ್ಯನನ್ನು ಬಲ್ಲ ಊರಿನ ತಲಾಟಿಯ ಸಹಿ ಸಾಕು.

ಇದರಿಂದ ನನ್ನ ಅಂಗಡಿಯ ಕೆಲಸ ಕಡಿಮೆಯಾಗುತ್ತದೆ. ಆಗಲಿ. ಕನ್ನಡವನ್ನು ಯಂತ್ರದೊಳಗೆ ತರಲು ಕೆ. ಪಿ. ರಾವ್ ಅವರಂಥವರು ವರ್ಷಗಟ್ಟಲೆ ದುಡಿದರು, 2 ಕೋಟಿ ಪಹಣಿಗಳನ್ನು ಈ ರಾಜ್ಯ ಎರಡು ವರ್ಷದಲ್ಲಿ ಕನ್ನಡದಲ್ಲಿ ಟೈಪ್ ಮಾಡಿಸಿತು. ಅಷ್ಟು ಮಾಡಬಲ್ಲ ಸರ್ಕಾರಕ್ಕೆ ಜೋಯಿಡಾದ ಒಬ್ಬ ವೇಳಿಪನ ಹೆಸರನ್ನು ಎರಡು ಲಿಪಿಯಲ್ಲಿ, ಅವನು ಹೇಳಿದ ಹಾಗೆ ಬರೆದಿಡುವುದು ಕಷ್ಟದ ಕೆಲಸವಲ್ಲ. ಅದನ್ನು ಮಾಡುವ ತನಕ ನಮ್ಮ ದ್ವಿಭಾಷಾ ನೀತಿ ಅರ್ಧದಲ್ಲೇ ನಿಂತಿದೆ ಎಂದೇ ನಾನು ಹೇಳುತ್ತೇನೆ.